ಓದಿನ ತೊಡಕು: ಒಂದು ಜೀನಿನಿಂದ ನಲವತ್ತೆರಡು ತಾಣಗಳಿಗೆ

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಬುದ್ಧಿ ಚುರುಕು, ಲೆಕ್ಕವೂ ಬರುತ್ತದೆ, ಪದಗಳನ್ನು ಓದುವುದು ಮಾತ್ರ ಆಗದು. ಇದಕ್ಕೆ ಅವರಿಟ್ಟ ಹೆಸರು ಜನ್ಮಜಾತ ಪದಾಂಧತೆ. ಗ್ಲಾಸ್ಗೋದ ನೇತ್ರವೈದ್ಯ ಜೇಮ್ಸ್ ಹಿನ್ಶೆಲ್‌ವುಡ್ 1907ರಲ್ಲಿ ಒಂದೇ ಕುಟುಂಬದ ನಾಲ್ಕು ಪ್ರಕರಣಗಳನ್ನು ದಾಖಲಿಸಿದರು. ತೊಡಕು ಮನೆತನದಲ್ಲಿ ಹರಿದು ಬರುತ್ತದೆ ಎಂಬ ಗುಮಾನಿಗೆ ಹೀಗೆ ಆಧಾರ ಸಿಕ್ಕಿತು.

1950ರಲ್ಲಿ ಸ್ವೀಡನ್ನಿನ ಬರ್ಟಿಲ್ ಹಾಲ್‌ಗ್ರೆನ್ 276 ಪ್ರಕರಣಗಳನ್ನು ಪರಿಶೀಲಿಸಿ, ಒಂದೇ ಪ್ರಬಲ ಜೀನ್ ಇದಕ್ಕೆ ಕಾರಣವಿರಬೇಕೆಂದರು. ಆದರೆ ಒಂದು ಮನೆಯವರು ಹಂಚಿಕೊಳ್ಳುವುದು ಜೀನುಗಳನ್ನಷ್ಟೇ ಅಲ್ಲ. ಮನೆಯ ಪುಸ್ತಕ, ಮಾತು, ಬಡತನ ಎಲ್ಲವನ್ನೂ. ಇವೆರಡನ್ನು ಬೇರ್ಪಡಿಸಲು ನೆರವಾದದ್ದು ಅವಳಿಗಳ ಅಧ್ಯಯನ. ಅಮೆರಿಕದ ಕೊಲರಾಡೊದಲ್ಲಿ ಜಾನ್ ಡಿಫ್ರೀಸ್ ಮತ್ತು ಸಂಗಡಿಗರು, ಒಬ್ಬರಿಗೆ ತೊಡಕಿದ್ದರೆ ಜೊತೆಗಾರರಿಗೂ ಇರುವುದು ತದ್ರೂಪಿ ಅವಳಿಗಳಲ್ಲೇ ಹೆಚ್ಚು ಎಂದು ತೋರಿಸಿದರು. ಇಂಥ ಅಧ್ಯಯನಗಳು ಅನುವಂಶೀಯತೆಯನ್ನು ಸಾಮಾನ್ಯವಾಗಿ ಶೇ 40ರಿಂದ 70ರ ನಡುವೆ ಅಂದಾಜಿಸುತ್ತವೆ. ಈ ಅಂಕಿ ಜನಸಮುದಾಯದೊಳಗಿನ ವ್ಯತ್ಯಾಸವನ್ನು ಹೇಳುತ್ತದೆ. ಒಂದು ಮಗುವಿನ ತೊಡಕಿನಲ್ಲಿ ಜೀನಿನ ಪಾಲೆಷ್ಟು ಎಂಬುದನ್ನಲ್ಲ.

ಮುಂದಿನದು ಜೀನಿನ ಬೇಟೆ. 1983ರಲ್ಲಿ ಶೆಲ್ಲಿ ಸ್ಮಿತ್ ತಂಡ 15ನೇ ವರ್ಣತಂತುವಿನತ್ತ ಬೆರಳು ತೋರಿತು. 1994ರಲ್ಲಿ 6ನೆಯದು ಸೇರಿತು. 2003ರಲ್ಲಿ ಫಿನ್‌ಲೆಂಡಿನ ಕುಟುಂಬವೊಂದರಿಂದ ಡಿವೈಎಕ್ಸ್1ಸಿ1 ಎಂಬ ಜೀನ್ ಬೆಳಕಿಗೆ ಬಂತು. ಬೆನ್ನಲ್ಲೇ ಡಿಸಿಡಿಸಿ2, ಕೆಐಎಎ0319, ರೋಬೋ1 ಪಟ್ಟಿ ಸೇರಿದವು. ಭ್ರೂಣದ ಮಿದುಳಿನಲ್ಲಿ ನರಕೋಶಗಳು ತಮ್ಮ ಜಾಗ ಸೇರಲು ಇವು ಬೇಕು ಎಂಬ ವಿವರಣೆ ಆಕರ್ಷಕವಾಗಿತ್ತು.

2022ರಲ್ಲಿ 'ನೇಚರ್ ಜೆನೆಟಿಕ್ಸ್' ಪ್ರಕಟಿಸಿದ ಅಧ್ಯಯನ ಚಿತ್ರವನ್ನೇ ಬದಲಿಸಿತು. ಡಿಸ್‌ಲೆಕ್ಸಿಯಾ (ಓದಿನ ಈ ತೊಡಕಿನ ಇಂದಿನ ಹೆಸರು) ಇದೆಯೆಂದು ಗುರುತಿಸಲಾಗಿತ್ತೆಂದು ತಾವೇ ತಿಳಿಸಿದ 51,800 ವಯಸ್ಕರನ್ನು ಹತ್ತು ಲಕ್ಷಕ್ಕೂ ಮೀರಿದ ಇತರರೊಂದಿಗೆ ಹೋಲಿಸಿದಾಗ ವರ್ಣತಂತುಗಳಲ್ಲಿ ತೊಡಕಿನೊಂದಿಗೆ ನಂಟಿರುವ 42 ತಾಣಗಳು ಸಿಕ್ಕವು. ಹಳೆಯ ಹೆಸರಾಂತ ಜೀನುಗಳಿಗೆ ಹೇಳಿಕೊಳ್ಳುವಂಥ ಬೆಂಬಲ ಸಿಗಲಿಲ್ಲ. ಪ್ರತಿ ತಾಣದ ಪ್ರಭಾವ ತೀರ ಸಣ್ಣದು. ಎಲ್ಲ ತಳಿವ್ಯತ್ಯಾಸಗಳನ್ನು ಕೂಡಿಸಿ ಲೆಕ್ಕಹಾಕಿದ ಅಂಕವೂ ಓದಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇ 6ರಷ್ಟನ್ನು ಮಾತ್ರ ವಿವರಿಸಿತು.

ಈ ಮಾಹಿತಿ ಬಹುಪಾಲು ಐರೋಪ್ಯ ಮೂಲದವರದು. ಕನ್ನಡದ ಮಕ್ಕಳ ದಾರಿ ಬೇರೆ. ಕಾಗುಣಿತ, ಒತ್ತಕ್ಷರಗಳ ದೊಡ್ಡ ಬಳಗವನ್ನು ಕಲಿಯಲು ಆರಂಭದ ಒಂದೆರಡು ತರಗತಿಗಳು ಸಾಲವು ಎಂಬುದನ್ನು ಸೋನಾಲಿ ನಾಗ್ ಅವರ ಸಂಶೋಧನೆ ತೋರಿಸಿದೆ. ನಿಧಾನವೆಲ್ಲ ತೊಡಕಲ್ಲ, ಅದನ್ನು ಅಳೆಯಲು ನಮ್ಮ ಭಾಷೆಯದೇ ಪರೀಕ್ಷೆ ಬೇಕು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ 'ಡಾಲಿ' ಪರೀಕ್ಷಾಸಾಮಗ್ರಿ ಕನ್ನಡದಲ್ಲೂ ಇರುವುದು ಇದಕ್ಕಾಗಿಯೇ.

ಹೀಗೆ ಜೀನುಗಳ ಲೆಕ್ಕ ಸೂಕ್ಷ್ಮವಾದಷ್ಟೂ ಒಂದು ಮಗುವಿನ ಭವಿಷ್ಯ ನುಡಿಯುವ ಶಕ್ತಿ ಯಾವ ಜೀನಿಗೂ ಉಳಿಯಲಿಲ್ಲ. ಆದರೆ ಹಿನ್ಶೆಲ್‌ವುಡ್ ಗಮನಿಸಿದ ಮನೆತನದ ಸುಳಿವು ಇನ್ನೂ ಗಟ್ಟಿ: ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ತೊಡಕಿದ್ದ ಮಕ್ಕಳಲ್ಲಿ ಸರಾಸರಿ ಶೇ 45ರಷ್ಟು ಮಂದಿಗೆ ಅದು ಕಾಣಿಸಿಕೊಳ್ಳುತ್ತದೆಂದು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ಹೇಳುತ್ತದೆ. ಉಳಿದವರಿಗೆ ಇಲ್ಲ. ಶಾಲೆಗೆ ಸೇರಿಸುವ ದಿನ 'ಮನೆಯಲ್ಲಿ ಯಾರಿಗಾದರೂ ಓದು ಕಷ್ಟವಾಗಿತ್ತೇ?' ಎಂದು ಕೇಳಲು ಪ್ರಯೋಗಾಲಯ ಬೇಡ. ಹೌದೆಂದರೆ, ಮಗು ಸೋಲುವವರೆಗೆ ಕಾಯದೆ ಅಕ್ಷರ ಮತ್ತು ಧ್ವನಿಗಳನ್ನು ಜೋಡಿಸುವ ಅಭ್ಯಾಸವನ್ನು ಆಗಲೇ ಶುರುಮಾಡಬಹುದು.