ಹರಪನಹಳ್ಳಿ ಸೀಮೆಯ ಮೆಕ್ಕೆಜೋಳ: ಹುಳು, ವಿಷ ಮತ್ತು ಕಾಯಿದೆ

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಸೀಮೆಯು 1953ರ ಅಕ್ಟೋಬರ್ 1ರಂದು ಮದ್ರಾಸಿನ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಬಂದಾಗ ಅಲ್ಲಿನ ಮಳೆಯಾಶ್ರಿತ ಹೊಲಗಳಲ್ಲಿ ಬಿಳಿಜೋಳ, ಸಜ್ಜೆ, ನವಣೆಗಳೇ ಮುಖ್ಯವಾಗಿದ್ದವು. ಜೋಳದ ಸುಳಿಯನ್ನು ಒಣಗಿಸುವ ಕಾಂಡಕೊರಕ ಹುಳು ಆಗಲೂ ಇತ್ತು; ಆದರೆ ಅದಕ್ಕೆ ಮದ್ದೆಂದರೆ ಮಾಗಿ ಉಳುಮೆ ಮಾಡಿ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಸುಳಿ ಸತ್ತ ಗಿಡವನ್ನು ಕಿತ್ತು ದನಗಳಿಗೆ ಹಾಕುವುದು, ಇಷ್ಟೇ.

ರೈತರು ಇಂದಿಗೂ ‘ಎಣ್ಣೆ ಹೊಡೆಯುವುದು’ ಎನ್ನುವ ಕೀಟನಾಶಕ ಸಿಂಪರಣೆ ಉತ್ತರ ಕರ್ನಾಟಕದ ಹೊಲಗಳಲ್ಲಿ ರೂಢಿಯಾದದ್ದು ಹೆಚ್ಚಾಗಿ ಹತ್ತಿಯ ಮೂಲಕ, ಅದರಲ್ಲೂ 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಮೊದಲಾದ ಹೈಬ್ರಿಡ್ ತಳಿಗಳ ಮೂಲಕ. ಅಷ್ಟರಲ್ಲಿ ಕಾಯಿದೆಯೂ ಬಂದಿತ್ತು: 1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಎಂಬ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ವಿಚಾರಣೆಯ ಫಲವಾಗಿ 1968ರ ಕೀಟನಾಶಕ ಕಾಯಿದೆ ರೂಪುಗೊಂಡಿತು, ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿಂದ ಇಳಿಕೆಯ ಕ್ರಮದಲ್ಲಿ ತೋರಿಸುವ ತ್ರಿಕೋನವು ಈ ಕಾಯಿದೆಯ ನಿಯಮಗಳಿಂದ ಬಂದದ್ದು. ಅಕ್ಷರ ಬಾರದವರಿಗೂ ಅಪಾಯ ತಿಳಿಯಲೆಂಬ ಈ ಏರ್ಪಾಡು ಒಳ್ಳೆಯದೇ, ಆದರೆ ಮೂಲ ಡಬ್ಬಿಯಿಂದ ಬೇರೆ ಬಾಟಲಿಗೆ ಸುರಿದ ವಿಷಕ್ಕೆ ತ್ರಿಕೋನವಿರುವುದಿಲ್ಲ.

ಕೋಳಿ ಆಹಾರದ ಬೇಡಿಕೆ, ಹೈಬ್ರಿಡ್ ಬೀಜ ಮತ್ತು ದಾವಣಗೆರೆಯ ಮಾರುಕಟ್ಟೆಯ ಸಾಮೀಪ್ಯದಿಂದ ಮೆಕ್ಕೆಜೋಳವು ಈ ಹೊಲಗಳನ್ನು ವ್ಯಾಪಿಸಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೇ ಸೇರಿತ್ತು. ಅದು ಮರಳಿ ಬಳ್ಳಾರಿಗೆ ಸೇರುವ ಹೊತ್ತಿಗೆ, 2018ರ ಮೇ ತಿಂಗಳಲ್ಲಿ, ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ರೈತರು ಲದ್ದಿಹುಳು ಎನ್ನುವ ಈ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಯಂಥ ಬಿಳಿ ಗೆರೆಯೂ, ಬಾಲದ ಬಳಿ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಅದು ಸುಳಿಯೊಳಗೆ ಇಳಿದು, ಮರದ ಪುಡಿಯಂಥ ತನ್ನ ಹಿಕ್ಕೆಯನ್ನೇ ಸುಳಿಯ ಬಾಯಿಗೆ ಬಿರಡೆಯಂತೆ ತುಂಬಿಕೊಳ್ಳುವುದರಿಂದ, ಎಲೆಯ ಮೇಲೆ ಬಿದ್ದ ಎಣ್ಣೆ ಅದನ್ನು ಮುಟ್ಟುವುದೇ ಇಲ್ಲ.

ಅಪಾಯ ಹುಟ್ಟುವುದು ಇಲ್ಲಿಯೇ. ಹತ್ತಿಗೆ ಸೊಂಟದ ಕೆಳಗೆ ಹಿಡಿಯುತ್ತಿದ್ದ ನಾಝಲ್ಲನ್ನು ಆಳೆತ್ತರದ ಮೆಕ್ಕೆಜೋಳದ ಸುಳಿಗೆ ಹಿಡಿಯಬೇಕಾದರೆ ಕೈ ಭುಜದ ಮೇಲೇರುತ್ತದೆ, ತುಂತುರು ಮುಖ, ಕಣ್ಣು, ಕತ್ತಿನ ಮೇಲೆ ಬೀಳುತ್ತದೆ. ಗಿಡ ಮೊಣಕಾಲೆತ್ತರವಿರುವಾಗಲೇ, ಗಾಳಿಯಿಲ್ಲದ ಮುಂಜಾನೆ ಅಥವಾ ಸಂಜೆ, ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಬೆರೆಸಿ ಸುಳಿಗೆ ಬೀಳುವಂತೆ ಸಿಂಪಡಿಸಬೇಕೆಂಬ ಶಿಫಾರಸು ಹುಳುವಿಗೆಷ್ಟೋ ಮನುಷ್ಯನಿಗೂ ಅಷ್ಟೇ ಹೊಂದುತ್ತದೆ. ವಿಷಪಾಷಾಣ, ಅಂದರೆ 10 ಕೆ.ಜಿ. ತೌಡು ಮತ್ತು 2 ಕೆ.ಜಿ. ಬೆಲ್ಲವನ್ನು ನೀರಿನಲ್ಲಿ ಒಂದು ದಿನ ಹುಳಿಸಿ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿದ ಆಮಿಷ, ಬಲಿತ ಹುಳುವಿಗೆ ಉಪಯುಕ್ತ. ಆದರೆ ಅದನ್ನು ಚಿಟಿಕೆಯಷ್ಟು ಎತ್ತಿ ಸುಳಿಗೆ ಹಾಕುವ ಬೆರಳಿಗೆ ಕೈಗವಸು ಇರಲೇಬೇಕು, ಬೆಲ್ಲದ ವಾಸನೆಗೆ ದನಗಳು ಬರದಂತೆ ನೋಡಿಕೊಳ್ಳಲೂಬೇಕು.

ಇಂಥ ಆಮಿಷಕ್ಕೆ ಬಹುಕಾಲ ಬಳಸುತ್ತಿದ್ದ, ಕೆಂಪು ತ್ರಿಕೋನದ ಮೊನೊಕ್ರೊಟೊಫಾಸ್ 36 ಎಸ್.ಎಲ್. ಅನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು.