ವಿಭಾಗಕ್ಕಿಂತ ಮೊದಲು ಹುಟ್ಟಿದ ಸಂಘಗಳು

ಬೆಂಗಳೂರು: ಮೊದಲು ವಿಭಾಗ, ಅನಂತರ ಅದರ ಆಶ್ರಯದಲ್ಲಿ ವಿದ್ಯಾರ್ಥಿಗಳ ಸಂಘ ಎಂಬುದು ಇಂದಿನ ವಿಶ್ವವಿದ್ಯಾನಿಲಯಗಳ ಕ್ರಮ. ಕನ್ನಡದ ಮಟ್ಟಿಗೆ ನಡೆದದ್ದು ಇದಕ್ಕೆ ತದ್ವಿರುದ್ಧ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಸ್ಥಾಪನೆಯಾದರೂ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು 'ಪ್ರಬುದ್ಧ ಕರ್ನಾಟಕ' ಪತ್ರಿಕೆಯನ್ನು ಹೊರತಂದಿತ್ತು.

ಸಂಘದ ಹಾಗೂ ಪತ್ರಿಕೆಯ ಹಿಂದಿದ್ದವರು ಎ.ಆರ್. ಕೃಷ್ಣಶಾಸ್ತ್ರಿಗಳು. 'ವಚನ ಭಾರತ'ದ ಕರ್ತೃವೆಂದು ನಾಡು ಅವರನ್ನು ಬಲ್ಲದು. ಆದರೆ ಇಂಗ್ಲಿಷಿನದೇ ಕಾರುಬಾರಾಗಿದ್ದ ಕಾಲೇಜಿನೊಳಗೆ ಕನ್ನಡಕ್ಕೊಂದು ಜಗಲಿ ಕಟ್ಟಿಕೊಟ್ಟದ್ದು ಅದಕ್ಕಿಂತ ಕಿರಿದಾದ ಕೆಲಸವೇನಲ್ಲ. ಪತ್ರಿಕೆಯ ಹೊಣೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ವಿದ್ಯಾರ್ಥಿ ಸಂಘವೊಂದರ ಉದ್ಯಮಕ್ಕೆ ವಿಶ್ವವಿದ್ಯಾನಿಲಯ ನೀಡಿದ ಬೆಂಬಲಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಪತ್ರಿಕೆ ಉಳಿಯಿತು, ಬೆಳೆಯಿತು; ಆದರೆ ಕ್ರಮೇಣ ವಿದ್ವಾಂಸರ ಪತ್ರಿಕೆಯಾಯಿತು ಎಂಬುದನ್ನೂ ಹೇಳಲೇಬೇಕು.

ವಿದ್ಯಾರ್ಥಿಗಳ ಬರಹಕ್ಕೇ ಮೀಸಲಾದ ಜಾಗವನ್ನು ಮತ್ತೆ ತೆರೆದವರು ಜಿ.ಪಿ. ರಾಜರತ್ನಂ. ವಿದ್ಯಾರ್ಥಿಗಳಿಂದ ಬರೆಯಿಸಿ, 'ವಿದ್ಯಾರ್ಥಿ ವಿಚಾರ ವಿಲಾಸ'ದ ಹೆಸರಿನಲ್ಲಿ ಅಚ್ಚು ಹಾಕಿಸಿ, ಪುಸ್ತಕಗಳನ್ನು ತಾವೇ ಹೊತ್ತು ಮಾರಿದ ಮೇಷ್ಟ್ರು ಅವರು. ಕನ್ನಡ ಐಚ್ಛಿಕ ವಿಷಯ ಓದುವವರಿಗಷ್ಟೇ ಈ ಬಾಗಿಲು ತೆರೆದಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಓದಿದ ಕೆ.ಎಸ್. ನಿಸಾರ್ ಅಹಮದ್ ರಾಜರತ್ನಂ ಅವರ ಶಿಷ್ಯರಲ್ಲೊಬ್ಬರು.

ಸಾಹಿತ್ಯದ ಆಚೆಗೂ ಇದೇ ಮಾದರಿ ಫಲ ಕೊಟ್ಟಿದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, ವಾರಕ್ಕೊಂದು ಉಪನ್ಯಾಸವೆಂಬ ಸರಳ ನಿಯಮದ ಮೇಲೆ ದಶಕಗಳ ಕಾಲ ನಡೆಯಿತು. ವಿಜ್ಞಾನಿಗಳ ಮಾತು ಕೇಳಲು ವಿದ್ಯಾರ್ಥಿಗಳ ಜತೆ ಊರಿನ ಜನರೂ ಬರುತ್ತಿದ್ದರು.

ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದ್ದು ಇನ್ನೊಂದು ಬಗೆ. 1972ರಲ್ಲಿ ಆರಂಭವಾದ ಈ ಸಂಘವನ್ನು ಕಟ್ಟಿದವರು ಅಲ್ಲಿನ ಕನ್ನಡ ಅಧ್ಯಾಪಕ, ನಾಟಕಕಾರ ಚಿ. ಶ್ರೀನಿವಾಸರಾಜು. ಬೇಂದ್ರೆಯವರ ಹೆಸರಿನಲ್ಲಿ ಅಂತರಕಾಲೇಜು ಕವನ ಸ್ಪರ್ಧೆ, ಅ.ನ.ಕೃ. ಹೆಸರಿನಲ್ಲಿ ಲೇಖನ ಸ್ಪರ್ಧೆ, ಆಯ್ದ ಕವನಗಳ ಸಂಕಲನ, ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳು: ಹೀಗೆ ಸಂಘದ ಪ್ರಕಟಣೆಗಳು ನೂರನ್ನು ದಾಟಿದವು. ಕನ್ನಡವನ್ನು ಮುಖ್ಯ ವಿಷಯವಾಗಿ ಓದುವವರು ವಿರಳವಾದ ಕಾಲೇಜಿನಲ್ಲಿ ಇದು ಸಾಧ್ಯವಾದದ್ದು ವಿಶೇಷ. ಆಡಳಿತ ಮಂಡಳಿ ಅಡ್ಡಿಪಡಿಸದೆ ಹಣ ಒದಗಿಸಿತು. ಅಧ್ಯಾಪಕರು ಸಮಯ ಕೊಟ್ಟರು. ಶ್ರೀನಿವಾಸರಾಜು 2007ರ ಡಿಸೆಂಬರ್‌ನಲ್ಲಿ ನಿಧನರಾದರು.

ಈ ಎಲ್ಲ ಉದಾಹರಣೆಗಳಲ್ಲಿ ಎದ್ದು ಕಾಣುವುದು ಒಬ್ಬ ಮೇಷ್ಟ್ರು. ವಿಭಾಗದ ಬೆಂಬಲವೆಂದರೆ ಒಂದು ಕೋಣೆ, ಸಂಜೆಯ ಒಂದು ಗಂಟೆ, ಅಚ್ಚಿನ ಖರ್ಚು ಎಂದು ಲೆಕ್ಕ ಹಾಕಬಹುದು. ಆದರೆ ವರ್ಷದಿಂದ ವರ್ಷಕ್ಕೆ ಅಲ್ಲೇ ಇದ್ದು, ಮೂರು ವರ್ಷಕ್ಕೊಮ್ಮೆ ಬದಲಾಗುವ ವಿದ್ಯಾರ್ಥಿಗಳ ಕೈಗೆ ಸಂಘವನ್ನು ದಾಟಿಸುವ ಅಧ್ಯಾಪಕನಿಲ್ಲದಿದ್ದರೆ ಕೋಣೆಯ ಬೀಗ ತೆಗೆಯುವವರೇ ಇರುವುದಿಲ್ಲ.

ಇಂದು ಸಂಘಗಳ ಸಂಖ್ಯೆಗೆ ಕೊರತೆಯಿಲ್ಲ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ಚಟುವಟಿಕೆಗಳಿಗೂ ಅಂಕವಿರುವುದರಿಂದ ಬಹುತೇಕ ಪ್ರತಿ ವಿಭಾಗಕ್ಕೂ ಒಂದು 'ವೇದಿಕೆ' ಇದೆ. ಉದ್ಘಾಟನೆಯ ಛಾಯಾಚಿತ್ರ ಕಡತದಲ್ಲಿರುತ್ತದೆ. ಎರಡನೆಯ ಸಭೆ ನಡೆಯಿತೇ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಸೆಮಿಸ್ಟರ್ ಪದ್ಧತಿಯಲ್ಲಿ ಪರೀಕ್ಷೆಗಳ ನಡುವೆ ಉಳಿಯುವ ಬಿಡುವೂ ಅಲ್ಪ.

ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಹೊರೆಯ ಬಹುಪಾಲನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಅವರ ನೇಮಕ ಆಯಾ ಶೈಕ್ಷಣಿಕ ಸಾಲಿಗೆ ಮಾತ್ರ. ನರಸಿಂಹಯ್ಯನವರು ಬಾಳಿನುದ್ದಕ್ಕೂ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಮುಂದಿನ ಜೂನ್‌ನಲ್ಲಿ ತಾನು ಯಾವ ಊರಿನಲ್ಲಿರುತ್ತೇನೆಂದು ತಿಳಿಯದ ಉಪನ್ಯಾಸಕನಿಗೆ ಸಂಘದ ಪುಸ್ತಕ ಯೋಜನೆಯನ್ನು ವಹಿಸುವುದು ಹೇಗೆ ಎಂಬುದಕ್ಕೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ.