ವಜ್ರದ ಒಳಗನ್ನು ಕಂಡವರು



ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ, ಮದ್ದಿಕೇರ ಕಡೆಯ ಹೊಲಗಳಲ್ಲಿ ಜನ ಸೇರುತ್ತಾರೆ. ಬಿತ್ತನೆಗೆ ಬಂದವರ ಜೊತೆಗೆ ವಜ್ರ ಹುಡುಕಲು ಬಂದವರೂ ಅಲ್ಲಿರುತ್ತಾರೆ. ಮಳೆನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋದಾಗ ಹೊಳೆಯುವ ಕಲ್ಲೊಂದು ಕಣ್ಣಿಗೆ ಬೀಳಬಹುದು ಎಂಬ ಆಸೆ ಅವರದು. ಬೇರೆ ಜಿಲ್ಲೆಗಳಿಂದ, ಕರ್ನಾಟಕದಿಂದಲೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಪಕ್ಕದ ಅನಂತಪುರ ಜಿಲ್ಲೆಯ ಒಂದು ಊರಿಗಂತೂ ವಜ್ರಕರೂರು ಎಂದೇ ಹೆಸರು. 1720ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ವಜ್ರವೆಲ್ಲ ಬಹುಮಟ್ಟಿಗೆ ಭಾರತದ್ದೇ ಆಗಿತ್ತು.

ಕಲ್ಲು ಸಿಕ್ಕಿದವರು ಅದನ್ನು ವ್ಯಾಪಾರಿಗೆ ತೋರಿಸುತ್ತಾರೆ. ವ್ಯಾಪಾರಿ ತೂಕ, ಬಣ್ಣ, ಹೊಳಪು ನೋಡುತ್ತಾನೆ. ಒಳಗೆ ಕಲೆಯೋ ಗೆರೆಯೋ ಇದ್ದರೆ ಬೆಲೆ ಇಳಿಸುತ್ತಾನೆ. ಆದರೆ ಅದೇ ಕಲೆಗಳನ್ನು ಬೆಲೆಯುಳ್ಳವೆಂದು ಎತ್ತಿಕೊಂಡು, ವಜ್ರದ ಒಳಗಿನ ಚಿತ್ರ ತೆಗೆದವರೂ ಇದ್ದಾರೆ. ಆ ಕೆಲಸ ನಡೆದದ್ದು ನಮಗೆ ದೂರವಲ್ಲದ ಬೆಂಗಳೂರಿನಲ್ಲಿ.

ಮೊದಲು ಒಂದು ವಿಷಯ ತಿಳಿಯೋಣ. ವಜ್ರವೆಂದರೆ ಇದ್ದಿಲಿನಲ್ಲಿರುವ ಅದೇ ಇಂಗಾಲ. ಅದರ ಪರಮಾಣುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಲು ಆಗುವುದಿಲ್ಲ. ವಜ್ರದಲ್ಲಿ ಒಂದು ಪರಮಾಣುವಿನಿಂದ ಪಕ್ಕದ ಪರಮಾಣುವಿಗೆ ಇರುವ ದೂರ 0.154 ನ್ಯಾನೋಮೀಟರ್. ನಾಲ್ಕು ಮಿಲಿಮೀಟರ್ ಅಗಲದ ಒಂದು ಜೋಳದ ಕಾಳನ್ನು ದಾಟಬೇಕಾದರೆ ಇಂಥ ಹೆಜ್ಜೆಗಳನ್ನು ಸುಮಾರು 2 ಕೋಟಿ 60 ಲಕ್ಷ ಸಲ ಇಡಬೇಕು! ನಮ್ಮ ಕಣ್ಣು ಕಾಣುವ ಬೆಳಕಿನ ಅಲೆಯ ಉದ್ದ ಇದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ತೋಳಗಲದ ಬಲೆಗಣ್ಣಿನಲ್ಲಿ ಸಾಸಿವೆ ಹಿಡಿಯಲು ಆದೀತೇ?

ಎಕ್ಸ್-ರೇ ಕಿರಣದ ಅಲೆ ಮಾತ್ರ ಈ ಅಳತೆಗೆ ಸರಿಹೊಂದುತ್ತದೆ. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲಾವೆ ಅವರ ಸಲಹೆಯಂತೆ ಒಂದು ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಹಿಂದಿಟ್ಟ ಫೋಟೋ ಪ್ಲೇಟಿನ ಮೇಲೆ ಚುಕ್ಕೆಗಳು ಮೂಡಿದವು. ರಂಗೋಲಿ ಹಾಕುವ ಮೊದಲು ಇಡುವ ಚುಕ್ಕೆಗಳ ಹಾಗೆ ಅವಕ್ಕೆ ಒಂದು ಲೆಕ್ಕವಿತ್ತು. ಮರುವರ್ಷವೇ ಇಂಗ್ಲೆಂಡಿನ ಬ್ರ್ಯಾಗ್ ತಂದೆಮಗ ಇಬ್ಬರೂ ಸೇರಿ ವಜ್ರದ ರಚನೆಯನ್ನು ಬಿಡಿಸಿದರು. ಪ್ರತಿಯೊಂದು ಇಂಗಾಲ ಪರಮಾಣು ಸುತ್ತಲಿನ ನಾಲ್ಕು ಪರಮಾಣುಗಳ ಕೈ ಹಿಡಿದು ನಿಂತಿದೆ. ವಜ್ರದ ಗಟ್ಟಿತನದ ಗುಟ್ಟು ಅದೇ. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ಮಗನ ವಯಸ್ಸು 25.

ಇದು ಎಲ್ಲ ವಜ್ರಗಳಿಗೂ ಸಾಮಾನ್ಯವಾದ ನಕ್ಷೆ. ಆದರೆ ಒಂದು ವಜ್ರ ಇನ್ನೊಂದರ ಹಾಗೆ ಇರುವುದಿಲ್ಲವಲ್ಲ, ಅದೇಕೆ? ಈ ಪ್ರಶ್ನೆ ಸರ್ ಸಿ. ವಿ. ರಾಮನ್ ಅವರನ್ನು ಹಿಡಿಯಿತು. 1930ರಲ್ಲಿ ನೊಬೆಲ್ ಪಡೆದ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿಗೆ, ನಿರ್ದೇಶಕರಾಗಿ ಬಂದರು. ನೂರಾರು ವಜ್ರಗಳನ್ನು ಕೂಡಿಹಾಕಿದರು. ಆಭರಣಕ್ಕೆ ಒಗ್ಗದ ಕಲ್ಲುಗಳೂ ಅವರಿಗೆ ಬೇಕಿದ್ದವು.

ಅವರ ಪ್ರಯೋಗಾಲಯಕ್ಕೆ 1940ರಲ್ಲಿ ಬಂದವರು ಅನ್ನಾ ಮಣಿ. ಕೇರಳದ ಪೀರುಮೇಡಿನ ಸಿರಿಯನ್ ಕ್ರೈಸ್ತ ಮನೆತನದಲ್ಲಿ 1918ರಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದಾಗ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಎಂದು ಕೇಳಿದ ಹುಡುಗಿ. ಓಲೆ ಬೇಡವೆಂದವರ ಕೈಗೆ ಬೆಂಗಳೂರಿನಲ್ಲಿ 30ಕ್ಕೂ ಹೆಚ್ಚು ವಜ್ರಗಳು ಬಂದವು, ಪರೀಕ್ಷೆಗೆಂದು.

ಅವರ ಕೆಲಸ ಹೀಗಿತ್ತು. ಕತ್ತಲಲ್ಲಿ ವಜ್ರದ ಮೇಲೆ ನೇರಳೆಯಾಚೆಯ ಬೆಳಕು ಬಿಟ್ಟರೆ ಕೆಲವು ನೀಲಿಯಾಗಿ, ಕೆಲವು ಹಸಿರಾಗಿ ಮಿನುಗುತ್ತವೆ; ಕೆಲವು ಸುಮ್ಮನಿರುತ್ತವೆ. ಆ ಮಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಫೋಟೋ ಪ್ಲೇಟಿನ ಮೇಲೆ ಹಿಡಿಯಬೇಕು. ಒಂದು ಚಿತ್ರ ಮೂಡಲು ಹದಿನೈದು, ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಕಳೆದರು. 1942ರಿಂದ 1945ರೊಳಗೆ ಒಬ್ಬರೇ ಐದು ಸಂಶೋಧನಾ ಲೇಖನ ಪ್ರಕಟಿಸಿದರು.

ಅದೇ ಪ್ರಯೋಗಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಎಂಬ ಇಪ್ಪತ್ತೊಂದರ ಯುವಕ ಇನ್ನೊಂದು ದಾರಿ ಹಿಡಿದರು. ಸಣ್ಣ ರಂಧ್ರದಿಂದ ಹರಡುವ ಎಕ್ಸ್-ರೇಯನ್ನು ತೆಳುವಾದ ವಜ್ರದ ಬಿಲ್ಲೆಯ ಮೇಲೆ ಬಿಟ್ಟು, ಮರಳಿ ಬಂದ ಕಿರಣದಿಂದ ಇಡೀ ಕಲ್ಲಿನ ಚಿತ್ರ ತೆಗೆದರು. ಪರಮಾಣುಗಳ ಸಾಲು ನೇರವಾಗಿದ್ದಲ್ಲಿ ಕಿರಣ ಒಂದು ಬಗೆಯಾಗಿ, ಸಾಲು ಕೆಟ್ಟಲ್ಲಿ ಇನ್ನೂ ಬಲವಾಗಿ ಮರಳುತ್ತದೆ. ಹಾಗಾಗಿ ಹೊರಗೆ ತಿಳಿನೀರಿನಂತೆ ಕಾಣುವ ಬಿಲ್ಲೆಯ ಚಿತ್ರದಲ್ಲಿ ಪಟ್ಟಿಗಳು, ಗೆರೆಗಳು ಎದ್ದು ಕಂಡವು. 1944ರಲ್ಲಿ ಅವು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದವು. ಅದೇ ಸಂಪುಟದಲ್ಲಿ ಅನ್ನಾ ಮಣಿಯವರ ಲೇಖನವೂ ಇತ್ತು. ವಜ್ರ ಮಿನುಗುವ ಚಿತ್ರವನ್ನೂ ಅದರ ಎಕ್ಸ್-ರೇ ಚಿತ್ರವನ್ನೂ ಪಕ್ಕ ಪಕ್ಕ ಇಟ್ಟರೆ ವಿನ್ಯಾಸಗಳು ಒಂದಕ್ಕೊಂದು ಹೊಂದುತ್ತಿದ್ದವು. ಮರದ ಕಾಂಡದಲ್ಲಿ ವರ್ಷದ ಉಂಗುರ ಇರುವ ಹಾಗೆ, ವಜ್ರವೂ ತಾನು ಬೆಳೆದ ಕತೆಯನ್ನು ಒಳಗೆ ಇಟ್ಟುಕೊಂಡಿರುತ್ತದೆ.

ಆ ಚಿತ್ರಗಳ ಅರ್ಥ ಹೇಳುವಲ್ಲಿ ಮಾತ್ರ ರಾಮನ್ ಅವರು ಎಡವಿದರು. ವಜ್ರದ ಮೂಲ ರಚನೆಯಲ್ಲೇ ನಾಲ್ಕು ಬಗೆಗಳಿವೆ, ಅದರಿಂದಲೇ ಈ ವ್ಯತ್ಯಾಸ ಎಂದು ಅವರು ವಾದಿಸಿದರು. ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರಂಥ ಹರಳುತಜ್ಞರು ಒಪ್ಪಲಿಲ್ಲ. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಬಾಂಡ್ ಎಂಬ ಇಬ್ಬರು ಬಹುಪಾಲು ವಜ್ರಗಳಲ್ಲಿ ಸಾರಜನಕ ಬೆರೆತಿರುವುದನ್ನು ತೋರಿಸಿದರು. ಸಾಮಾನ್ಯವಾಗಿ ಕಾಣುವ ಆ ನೀಲಿ ಮಿನುಗಿಗೆ ಕಾರಣ, ಒಂದು ಖಾಲಿ ಜಾಗದ ಸುತ್ತ ನಿಂತ ಮೂರು ಸಾರಜನಕ ಪರಮಾಣುಗಳು. ಗುರುಗಳ ವಾದ ಬಿದ್ದಿತು. ಶಿಷ್ಯರು ತೆಗೆದ ಚಿತ್ರಗಳು ಉಳಿದವು. ಕಂಡದ್ದನ್ನು ಕಂಡ ಹಾಗೆ ದಾಖಲಿಸಿದ ಕೆಲಸ ಹಾಗೆ ಬಾಳುತ್ತದೆ.

ಇನ್ನು ಆ ಶಿಷ್ಯರಿಗೆ ಸಂದದ್ದೇನು? ರಾಮಚಂದ್ರನ್ ಅವರು ಮುಂದೆ ಮದ್ರಾಸಿನಲ್ಲಿ, ನಮ್ಮ ಚರ್ಮ, ಎಲುಬುಗಳಲ್ಲಿರುವ ಕೊಲಾಜೆನ್ ಮೂರೆಳೆಯ ಹಗ್ಗದಂತೆ ಹೆಣೆದುಕೊಂಡಿದೆ ಎಂದು ಇದೇ ಎಕ್ಸ್-ರೇ ವಿದ್ಯೆಯಿಂದ ಕಂಡುಹಿಡಿದು ಜಗತ್ಪ್ರಸಿದ್ಧರಾದರು. ಅನ್ನಾ ಮಣಿಯವರು 1945ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಆಗ ಪದವಿ ಕೊಡಬೇಕಿದ್ದದ್ದು ಮದ್ರಾಸು ವಿಶ್ವವಿದ್ಯಾಲಯ. ಎಂ.ಎಸ್ಸಿ. ಆಗಿಲ್ಲ ಎಂಬ ಕಾರಣ ಹೇಳಿ ಅದು ಪದವಿ ಕೊಡಲಿಲ್ಲ. ಐದು ವರ್ಷದ ದುಡಿಮೆ, ಐದು ಲೇಖನ, ಲೆಕ್ಕಕ್ಕೆ ಬರಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದವರ ಪ್ರಬಂಧಗಳ ಸಾಲಿನಲ್ಲೇ ಇದೆ.

ಅವರು ಅಳುತ್ತಾ ಕೂರಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಮರಳಿ ಬಂದು ಭಾರತೀಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು. ದೇಶದ ಯಾವ ಕಡೆ ಎಷ್ಟು ಬಿಸಿಲು ಬೀಳುತ್ತದೆ, ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆಸಿ ಪುಸ್ತಕ ಮಾಡಿದರು. ನಮ್ಮ ಓರ್ವಕಲ್ಲಿನ ಸೌರ ಫಲಕಗಳ ಮುಂದೆ ಹಾದುಹೋಗುವಾಗ ಅವರನ್ನೊಮ್ಮೆ ನೆನೆಯಿರಿ. 2001ರಲ್ಲಿ ಅನ್ನಾ ಮಣಿಯವರೂ ರಾಮಚಂದ್ರನ್ ಅವರೂ ತೀರಿಕೊಂಡರು.

ನಮ್ಮಲ್ಲಿ ಓದು ಮುಂದುವರಿಸಲು ಕಷ್ಟಪಡುವ ಮಕ್ಕಳಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಒಂದು ಕಾಗದ ಇಲ್ಲವೆಂದು, ಒಂದು ಪರೀಕ್ಷೆ ತಪ್ಪಿತೆಂದು ಹಿಂದೆ ಸರಿದವರಿದ್ದಾರೆ. ತಂದೆತಾಯಂದಿರೇ, ಅವರಿಗೆ ಈ ಕತೆ ಹೇಳಿ. ಪದವಿ ಸಿಗದಿದ್ದರೂ ಕೆಲಸ ಸುಳ್ಳಾಗುವುದಿಲ್ಲ ಎಂದು ಹೇಳಿ. ಜೊತೆಗೆ, ಕೊಡಬೇಕಾದದ್ದನ್ನು ಕೊಡದಿರುವುದು ಅನ್ಯಾಯವೇ ಎಂಬುದನ್ನೂ ಮರೆಯದೆ ಹೇಳಿ.